ಸ್ಕಾಟ್ಲೆಂಡಿನ ಓಟ್‌ಕೇಕ್: ಜಿಗುಟಿಲ್ಲದ ಹಿಟ್ಟನ್ನು ಹಿಡಿದಿಡುವ ಬಗೆ

ಹೆಸರಿನಲ್ಲಿ ಕೇಕ್ ಎಂದಿದ್ದರೂ ಓಟ್‌ಕೇಕ್ ಸಿಹಿಯಲ್ಲ, ಮೆದುವೂ ಅಲ್ಲ. ಓಟ್ಸ್, ಉಪ್ಪು, ತುಸು ಕೊಬ್ಬು ಮತ್ತು ನೀರಿನಿಂದ ತಯಾರಾಗುವ ಗರಿಗರಿಯಾದ ತೆಳು ರೊಟ್ಟಿ ಅದು. ಸ್ಕಾಟ್ಲೆಂಡಿನ ತಂಪು ಹವೆ, ಬಿಡದ ಮಳೆ ಮತ್ತು ಮೋಟು ಬೇಸಿಗೆಯಲ್ಲಿ ಗೋಧಿಗಿಂತ ಓಟ್ಸ್ ಚೆನ್ನಾಗಿ ಬೆಳೆಯುತ್ತಿದ್ದುದರಿಂದ ಶತಮಾನಗಳ ಕಾಲ ಅದೇ ಜನರ ಮುಖ್ಯ ಧಾನ್ಯವಾಗಿತ್ತು. ಸ್ಕಾಟಿಷ್ ಸೈನಿಕರು ದಂಡಯಾತ್ರೆಯಲ್ಲಿ ಓಟ್ಸ್ ಹಿಟ್ಟಿನ ಚೀಲವನ್ನೂ ಅದನ್ನು ಬೇಯಿಸಲು ಲೋಹದ ತಟ್ಟೆಯೊಂದನ್ನೂ ಕುದುರೆಯ ಮೇಲೆ ಒಯ್ಯುತ್ತಿದ್ದರೆಂದು 14ನೇ ಶತಮಾನದ ಫ್ರೆಂಚ್ ವೃತ್ತಾಂತಕಾರ ಫ್ರ್ವಾಸಾರ್ ಬರೆದಿದ್ದಾನೆ.

ಮೊದಲು ಧಾನ್ಯದ ವಿಚಾರ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹಬೆಯಲ್ಲಿ ಬೇಯಿಸಿ ಅವಲಕ್ಕಿಯಂತೆ ಚಪ್ಪಟೆ ಮಾಡಿದ ಓಟ್ಸ್. ಓಟ್‌ಕೇಕಿಗೆ ಬೇಕಾದದ್ದು ಬೀಸಿದ ಓಟ್ಸ್. ಅದರಲ್ಲಿ ನುಚ್ಚಿನಂಥದ್ದು, ರವೆಯಂಥದ್ದು, ನುಣ್ಣನೆಯ ಹಿಟ್ಟು ಎಂಬ ದರ್ಜೆಗಳಿದ್ದು, ರವೆಯಂಥದ್ದೇ ಇಲ್ಲಿ ಸರಿಹೊಂದುತ್ತದೆ. ಅದು ಸಿಗದಿದ್ದರೆ ಚಪ್ಪಟೆ ಓಟ್ಸನ್ನೇ ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿಕೊಳ್ಳಬಹುದು, ಆದರೆ ಕಾಳಿನ ಕಚ್ಚುವ ಸೊಗಸು ಅದರಲ್ಲಿ ಪೂರ್ತಿಯಾಗಿ ಬರುವುದಿಲ್ಲ.

ಈ ಅಡುಗೆಯ ತಿರುಳು ಬಿಸಿನೀರಿನಲ್ಲಿದೆ. ಗೋಧಿಹಿಟ್ಟನ್ನು ನಾದಿದಾಗ ಎಳೆದರೆ ಹಿಗ್ಗುವಂತೆ ಮಾಡುವ ಗ್ಲುಟೆನ್ ಜಾಲ ಓಟ್ಸ್‌ನಲ್ಲಿ ಉಂಟಾಗುವುದಿಲ್ಲ. ಆದ್ದರಿಂದ ತಣ್ಣೀರಿನಲ್ಲಿ ಕಲಸಿದ ಮುದ್ದೆ ಲಟ್ಟಣಿಗೆಯಡಿ ಪುಡಿಪುಡಿಯಾಗಿ ಒಡೆಯುತ್ತದೆ. ಕುದಿಯುವ ನೀರು ಸುರಿದಾಗ ಹಿಟ್ಟಿನ ಪಿಷ್ಟವು ನೀರು ಹೀರಿ ಉಬ್ಬಿ, ಅಂಟಿನಂತಾಗಿ, ಕಣಗಳನ್ನು ಹಿಡಿದಿಡುತ್ತದೆ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎರಡರಲ್ಲೂ ಕಾರಣ ಒಂದೇ. ನಾನು ಮೊದಲ ಸಲ ಉಗುರುಬೆಚ್ಚಗಿನ ನೀರು ಬಳಸಿದ್ದೆ; ಲಟ್ಟಿಸಿದ ಹಾಳೆಯನ್ನು ಎತ್ತುವಷ್ಟರಲ್ಲಿ ಅದು ನಾಲ್ಕು ಕಡೆ ಸೀಳಿತ್ತು.

ಓಟ್ಸ್ ತರಿ 225 ಗ್ರಾಂ, ಉಪ್ಪು ಅರ್ಧ ಚಮಚ, ಅಡುಗೆ ಸೋಡಾ ಒಂದು ಚಿಟಿಕೆ, ಕರಗಿಸಿದ ಬೆಣ್ಣೆ ಸುಮಾರು 25 ಗ್ರಾಂ ತೆಗೆದುಕೊಳ್ಳಿ. ಹಳೆಯ ಮನೆಗಳಲ್ಲಿ ಬೆಣ್ಣೆಗಿಂತ ಹಂದಿಮಾಂಸ ಹುರಿದಾಗ ಇಳಿದ ಕೊಬ್ಬನ್ನೇ ಹೆಚ್ಚಾಗಿ ಬಳಸುತ್ತಿದ್ದರು. ಕುದಿಯುವ ನೀರನ್ನು ಒಂದೇ ಸಲಕ್ಕೆ ಸುರಿಯದೆ, ಸುಮಾರು 100 ಮಿಲಿಲೀಟರಿನಷ್ಟನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ಚಮಚದಿಂದ ಕಲಸಿ, ಮುದ್ದೆ ಒಂದುಗೂಡಿದ ಕೂಡಲೇ ನಿಲ್ಲಿಸಬೇಕು. ಆರಿದಂತೆ ಮುದ್ದೆ ಗಟ್ಟಿಯಾಗಿ ಬಿರಿಯತೊಡಗುವುದರಿಂದ ಒಮ್ಮೆಗೆ ಅರ್ಧ ಪ್ರಮಾಣವನ್ನಷ್ಟೇ ಕಲಸುವುದು ಜಾಣತನ. ಮಣೆಯ ಮೇಲೆ ಒಣ ತರಿ ಉದುರಿಸಿ, ಅರ್ಧ ಸೆಂಟಿಮೀಟರಿಗಿಂತ ತೆಳುವಾಗಿ ದುಂಡಗೆ ಲಟ್ಟಿಸುತ್ತಾ, ಬಿರಿಯುವ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಮತ್ತೆ ಮತ್ತೆ ಒತ್ತಿ ಕೂಡಿಸಬೇಕು. ಈ ಇಡೀ ದುಂಡಿಗೆ ಬ್ಯಾನಕ್ ಎಂದೂ, ಅದನ್ನು ನಾಲ್ಕಾಗಿ ಕೊಯ್ದ ತುಂಡಿಗೆ ಫಾರ್ಲ್ ಎಂದೂ ಹೆಸರು. ಫಾರ್ಲ್ ಎಂಬುದು ನಾಲ್ಕನೆಯ ಭಾಗ ಎಂಬರ್ಥದ ಹಳೆಯ ಪದದಿಂದ ಬಂದಿದೆ.

ಬೇಯಿಸುವುದಕ್ಕೆ ಅಲ್ಲಿ ಗರ್ಡಲ್ ಎಂಬ ದಪ್ಪ ಕಬ್ಬಿಣದ ಕಾವಲಿಯನ್ನು ಬಳಸುತ್ತಿದ್ದರು. ಮಧ್ಯಮ ಉರಿಯಲ್ಲಿ ತುಂಡುಗಳ ತುದಿ ನಿಧಾನವಾಗಿ ಮೇಲಕ್ಕೆ ಸುರುಳುವುದು ತಳ ಬೆಂದಿರುವುದರ ಗುರುತು. ಆಮೇಲೆ ಅವುಗಳನ್ನು ಒಲೆಯ ಮುಂದೆ ಒರಗಿಸಿ ಮೇಲ್ಮೈಯನ್ನು ಒಣಗಿಸುತ್ತಿದ್ದರು. ಒವನ್ ಇದ್ದವರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ ಇಟ್ಟರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ. ಬಣ್ಣ ಕೆಂಪಗಾಗಲಿ ಎಂದು ಕಾಯಬಾರದು; ತೇವ ಹೋಗುವುದು ಮುಖ್ಯ, ಕಂದಿದರೆ ಓಟ್ಸ್ ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಹಿಂದೆ ಕೆಲವರು ಅವುಗಳನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಓಟ್ಸ್ ಹಿಟ್ಟಿನೊಳಗೇ ಹೂತಿಟ್ಟು ಗರಿ ಕೆಡದಂತೆ ಕಾಪಾಡುತ್ತಿದ್ದರು. ಮೆತ್ತಗಾಗಿದ್ದರೆ ಸಣ್ಣ ಉರಿಯ ಕಾವಲಿಯ ಮೇಲೆ ಐದು ನಿಮಿಷ ಬೆಚ್ಚಗೆ ಮಾಡಿ, ಬೆಣ್ಣೆ ಅಥವಾ ಚೀಸಿನೊಂದಿಗೆ ತಿನ್ನಬಹುದು.