ನೀಲಿ ವರ್ಣದ್ರವ್ಯವಿಲ್ಲದ ನೀಲಿ ಕಣ್ಣು

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆಗಳನ್ನು 19ನೆಯ ಶತಮಾನದ ಕೊನೆಯ ಹೊತ್ತಿಗೆ ಚಿತ್ರಗಳಿಂದ ತುಂಬಲು ತೊಡಗಿದ ಇಟಲಿಯ ಆಂತೋನಿಯೊ ಮೊಸ್ಕೆನಿಯಂಥ ಕಲಾವಿದನಿಗೂ, ಹಸಿ ಗಾರೆಯ ಮೇಲೆ ನೀಲಿ ಕಣ್ಣು ಬಿಡಿಸಬೇಕೆಂದರೆ ನೀಲಿ ವರ್ಣದ್ರವ್ಯ ಬೇಕೇ ಬೇಕು. ಮನುಷ್ಯನ ಕಣ್ಣಿಗೆ ಅದು ಬೇಕಿಲ್ಲ. ಪಾಪೆಯನ್ನು ಸುತ್ತುವರಿದ ಐರಿಸ್‌ನಲ್ಲಿ ಪ್ರಧಾನವಾಗಿರುವುದು ಮೆಲನಿನ್ ಎಂಬ ಕಂದುಗಪ್ಪು ವರ್ಣದ್ರವ್ಯ. ಐರಿಸ್‌ನ ಹಿಂಬದಿಯ ಪದರ ನೀಲಿ ಕಣ್ಣಿನಲ್ಲಿಯೂ ಗಾಢವಾಗಿಯೇ ಇರುತ್ತದೆ. ಮುಂಬದಿಯ ಪದರದಲ್ಲಿ ಮೆಲನಿನ್ ತೀರ ಕಡಿಮೆಯಾದಾಗ ಅಲ್ಲಿನ ಸೂಕ್ಷ್ಮ ನಾರುಗಳು ಬೆಳಕಿನ ಕಿರು ತರಂಗಗಳನ್ನು ಹೆಚ್ಚಾಗಿ ಚದುರಿಸುವುದರಿಂದ ಕಣ್ಣು ನೀಲಿಯಾಗಿ ತೋರುತ್ತದೆ. ಕರಾವಳಿಯ ಯಕ್ಷಗಾನದ ಮುಖವರ್ಣಿಕೆಯಾದರೋ ಕಣ್ಣಿನ ಬಣ್ಣದ ಗೊಡವೆಗೆ ಹೋಗದೆ, ಅದರ ಅಂಚನ್ನು ಕಪ್ಪು ರೇಖೆಯಿಂದ ಹಿಗ್ಗಿಸಿ, ನೋಟವನ್ನು ದೂರದ ಪ್ರೇಕ್ಷಕನಿಗೂ ಮುಟ್ಟಿಸುತ್ತದೆ.

ಮೆಲನಿನ್ ಎಷ್ಟಿರಬೇಕೆಂಬುದನ್ನು ನಿರ್ಧರಿಸುವಲ್ಲಿ 15ನೆಯ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿರುವ ಓಸಿಎ2 ಮತ್ತು ಎಚ್‌ಇಆರ್‌ಸಿ2 ಎಂಬ ವಂಶವಾಹಿಗಳ ಪಾತ್ರ ದೊಡ್ಡದು. ಎಚ್‌ಇಆರ್‌ಸಿ2ರೊಳಗಿನ ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸವು ನೀಲಿ ಕಣ್ಣಿನೊಂದಿಗೆ ಬಲವಾಗಿ ಹೊಂದಿಕೊಂಡಿರುವುದು 2008ರಲ್ಲಿ ಪ್ರಕಟವಾಯಿತು. ಆ ವ್ಯತ್ಯಾಸ ಓಸಿಎ2ರ ಚಟುವಟಿಕೆಯನ್ನು ತಗ್ಗಿಸುತ್ತದೆ. ಕಂದು ಪ್ರಬಲ, ನೀಲಿ ದುರ್ಬಲ ಎಂದು 1907ರಿಂದ ಹೇಳಿಕೊಂಡು ಬಂದ ಸರಳ ಸೂತ್ರದಲ್ಲಿ ಸತ್ಯಾಂಶವಿದ್ದರೂ ಅದು ಪೂರ್ಣಸತ್ಯವಲ್ಲ. ಕಂದು ಕಣ್ಣಿನ ತಂದೆತಾಯಿಗೆ ತಿಳಿಗಣ್ಣಿನ ಮಗು ಹುಟ್ಟುವುದನ್ನು ಆ ಸೂತ್ರವೇ ವಿವರಿಸುತ್ತದೆ. ಅಪರೂಪಕ್ಕೆ ನೀಲಿ ಕಣ್ಣಿನ ದಂಪತಿಗೆ ಕಂದು ಕಣ್ಣಿನ ಮಗು ಹುಟ್ಟುವುದನ್ನು ವಿವರಿಸಲಾರದು.

ನಮ್ಮಲ್ಲಿ ಬೆಕ್ಕಿನ ಕಣ್ಣಿನವರನ್ನು ಕಂಡೊಡನೆ ಪೋರ್ಚುಗೀಸರನ್ನೋ ಅರಬ್ ವರ್ತಕರನ್ನೋ ಅವರ ಪೂರ್ವಜರೆಂದು ಊಹಿಸುವುದುಂಟು. ಈ ಊಹೆಗೆ ಕಣ್ಣೊಂದೇ ಆಧಾರವಾಗದು. ತಿಳಿಬಣ್ಣಕ್ಕೆ ಸಾಮಾನ್ಯವಾಗಿ ತಂದೆ, ತಾಯಿ ಇಬ್ಬರಿಂದಲೂ ಅದಕ್ಕೆ ಕಾರಣವಾದ ವಂಶವಾಹಿ ರೂಪದ ಒಂದೊಂದು ಪ್ರತಿ ಬರಬೇಕಾಗುತ್ತದೆ, ಮತ್ತು ಅಂಥ ಪ್ರತಿಗಳು ಕಂದು ಕಣ್ಣಿನವರಲ್ಲಿ ತಲೆಮಾರುಗಟ್ಟಲೆ ಕಾಣದಂತೆ ಸಾಗಿಬರಬಲ್ಲವು. ಮಗುವಿನ ಕಣ್ಣು ನೋಡಿ ತಾಯಿಯ ಶೀಲವನ್ನು ಶಂಕಿಸುವುದಂತೂ ಅಜ್ಞಾನ ಮಾತ್ರವಲ್ಲ, ಕ್ರೌರ್ಯ.

ಸುಮಾರು 1,95,000 ಜನರನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಅಧ್ಯಯನವು ಕಣ್ಣಿನ ಬಣ್ಣಕ್ಕೆ ಸಂಬಂಧಿಸಿದ ಜೀನೋಮಿನ, ಅಂದರೆ ನಮ್ಮ ಒಟ್ಟು ಡಿಎನ್‌ಎಯ, 61 ಪ್ರದೇಶಗಳನ್ನು ಗುರುತಿಸಿತು. ಅವುಗಳಲ್ಲಿ 50 ಅದುವರೆಗೆ ತಿಳಿದಿರಲಿಲ್ಲ. ಏಷ್ಯಾ ಮೂಲದವರ ತಿಳಿಗಂದಿನಿಂದ ಕಡುಗಂದಿನವರೆಗಿನ ಛಾಯೆಗಳ ಹಿಂದೆಯೂ ಯುರೋಪಿಯನ್ನರ ಕಣ್ಣಿನ ಬಣ್ಣಗಳನ್ನು ರೂಪಿಸುವಂಥದ್ದೇ ವಂಶವಾಹಿಗಳಿವೆಯೆಂದು ಅದೇ ಅಧ್ಯಯನ ತೋರಿಸಿತು. ಉಡುಪಿಯ ರಥಬೀದಿಯಲ್ಲಿ ಸೇರುವ ಜನರ ಕಣ್ಣುಗಳನ್ನೆಲ್ಲ ‘ಕಪ್ಪು’ ಎಂದು ಒಟ್ಟಾಗಿ ಕರೆಯುವ ನಾವು, ಹಗಲಿನ ಬೆಳಕಿನಲ್ಲಿ ಹತ್ತಿರದಿಂದ ನೋಡಿದರೆ, ಈ ಛಾಯೆಗಳನ್ನು ಅಲ್ಲಿಯೇ ಬಿಡಿಬಿಡಿಯಾಗಿ ಗುರುತಿಸಬಹುದು.