ಜಾಸ್ತಿ ತೋರಿಸಿದರೆ ಒಂದು ಸ್ಟ್ರಾಂಗ್ ಕಾಫಿ ಕುಡಿದು ಹೊರಡಬಹುದಾ?

ಪ್ರಶ್ನೆ: ಕೀಚೈನಿಗೆ ಸಿಕ್ಕಿಸಿಕೊಳ್ಳುವಂಥ, ಊದಿದರೆ ಕುಡಿದ ಮದ್ಯ ಎಷ್ಟು ಏರಿದೆ ಅಂತ ತೋರಿಸುವ ಪುಟ್ಟ ಮೆಷಿನ್ ಕೊಳ್ಳೋಣ ಅಂತಿದ್ದೇನೆ. ಜಾಸ್ತಿ ತೋರಿಸಿದರೆ ಒಂದು ಸ್ಟ್ರಾಂಗ್ ಕಾಫಿ ಕುಡಿದು ಗಾಡಿ ತೆಗೆದು ಹೊರಡಬಹುದಲ್ವಾ?

ಮೆಷಿನ್ ಖಂಡಿತ ಕೊಳ್ಳಿ. ಫ್ಯೂಯೆಲ್ ಸೆಲ್ ಸೆನ್ಸರ್ ಇರುವುದನ್ನೇ ಕೊಳ್ಳಿ, ಅಗ್ಗದ ಸೆಮಿಕಂಡಕ್ಟರ್ ಮೆಷಿನ್‌ಗಳು ಸಿಗರೇಟ್ ಹೊಗೆಗೂ ಸೆಂಟಿನ ವಾಸನೆಗೂ ನಂಬರ್ ಏರಿಸುತ್ತವೆ. ಗ್ಲಾಸ್ ಕೆಳಗಿಟ್ಟ ಕೂಡಲೇ ಊದಬೇಡಿ. ಬಾಯಲ್ಲಿ ಉಳಿದ ಮದ್ಯವೂ ಲೆಕ್ಕಕ್ಕೆ ಸೇರುತ್ತದೆ, 15 ನಿಮಿಷ ಬಿಟ್ಟು, ಉಸಿರು ಪೂರ್ತಿ ಖಾಲಿಯಾಗುವವರೆಗೆ ಒಂದೇ ಸಮ ಊದಿ. ಕಂಪನಿ ಹೇಳಿದ ಸಮಯಕ್ಕೆ ಕ್ಯಾಲಿಬ್ರೇಷನ್ ಮಾಡಿಸಿ, ಅಂದರೆ ನಂಬರ್ ಸರಿಯಾಗಿ ತೋರಿಸುವಂತೆ ಹೊಂದಿಸಿಕೊಳ್ಳಿ.

ಆದರೆ ಈ ಕಾಫಿ ವಿಷಯ! ಎಷ್ಟು ಸಲ ಬರೆದರೂ ಮತ್ತೆ ಬರುತ್ತದೆ. ನಮ್ಮ ಚಿಕ್ಕಮಗಳೂರಿನವರಿಗೆ ಕಾಫಿ ಮೇಲೆ ಅಭಿಮಾನ ಇರಬೇಕು, ನನಗೂ ಇದೆ, ಬಾಬಾಬುಡನ್ ಗಿರಿಯ ಊರು ನಮ್ಮದು. ಹಾಗಂತ ಅದು ಮಾಡದ ಕೆಲಸವನ್ನು ಅದರ ಹೆಸರಿಗೆ ಬರೆಯಬೇಡಿ. ರಕ್ತಕ್ಕೆ ಸೇರಿದ ಮದ್ಯದ ಬಹುಪಾಲನ್ನು ಕರಗಿಸುವುದು ಲಿವರ್. ಅದು ತನ್ನ ವೇಗದಲ್ಲೇ ಮಾಡುತ್ತದೆ, 100 ಮಿಲಿ ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಂ. ಡಿಕಾಕ್ಷನ್ ಎಷ್ಟೇ ಗಟ್ಟಿ ಇರಲಿ, ಆ ವೇಗ ಹೆಚ್ಚುವುದಿಲ್ಲ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ, ಯಾವುದರಿಂದಲೂ ಇಲ್ಲ.

ಮತ್ತೆ ಕಾಫಿ ಕುಡಿದ ಮೇಲೆ ಹುಷಾರಾದ ಹಾಗೆ ಅನ್ನಿಸುತ್ತಲ್ಲ ಅಂತೀರಿ. ಅನ್ನಿಸುತ್ತದೆ, ಅಪಾಯ ಇರುವುದೇ ಅಲ್ಲಿ. ನಿದ್ದೆ ತರುವ ಅಡಿನೋಸಿನ್ ಅನ್ನುವ ರಾಸಾಯನಿಕ ಮೆದುಳಿನಲ್ಲಿ ಕೆಲಸ ಮಾಡದಂತೆ ಕೆಫೀನ್ ತಡೆಯುತ್ತದೆ, ಅಷ್ಟೇ. ನಿದ್ದೆ ಹೋಯಿತು, ಅಮಲು ಹೋಗಲಿಲ್ಲ. ತೂಕಡಿಸುತ್ತಿದ್ದವನು ಅಲ್ಲೇ ಮಲಗಿಬಿಡುತ್ತಿದ್ದ; ಕಾಫಿ ಕುಡಿದವನು ನಾನು ಸರಿ ಇದ್ದೇನೆ ಅಂತ ನಂಬಿ ಕೀ ಎತ್ತಿಕೊಳ್ಳುತ್ತಾನೆ. ಚಾರ್ಮಾಡಿಯ ತಿರುವಿನಲ್ಲಿ ಮಂಜು ಕವಿದು, ಎದುರಿಂದ ಬಸ್ಸಿನ ಲೈಟ್ ಕಂಡಾಗ ಬ್ರೇಕಿನ ಮೇಲೆ ಕಾಲು ಹೋಗುವುದು ಮಾತ್ರ ಮೊದಲಿನಷ್ಟೇ ತಡ.

ಇನ್ನೊಂದು ವಿಷಯ. ಕೊನೆಯ ಪೆಗ್ ಪೂರ್ತಿ ರಕ್ತಕ್ಕೆ ಸೇರುವುದಕ್ಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಮೆಷಿನ್ ಈಗ ಕಡಿಮೆ ತೋರಿಸಿತು ಅಂತ ಹೊರಟರೆ ಕೈಮರ ಚೆಕ್‌ಪೋಸ್ಟ್ ದಾಟುವಾಗ ನಂಬರ್ ಇನ್ನೂ ಏರುತ್ತಿರಬಹುದು. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. 70 ಕೆಜಿ ತೂಕದ ಗಂಡಸಿಗೆ 60 ಮಿಲಿಯ ಒಂದೇ ಲಾರ್ಜ್ ವಿಸ್ಕಿ ಅದನ್ನು ದಾಟಿಸಬಲ್ಲದು. ಹೆಂಗಸರಿಗೆ, ತೂಕ ಕಡಿಮೆ ಇರುವವರಿಗೆ ಇನ್ನೂ ಬೇಗ. ಮೊದಲ ಸಲ ಸಿಕ್ಕಿಬಿದ್ದರೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಇಷ್ಟು ಬರೆದ ಮೇಲೆ ಯಾರೂ ಕೇಳದ ಒಂದು ಮಾತು ಹೇಳಲೇಬೇಕು: ಮಾರನೇ ಬೆಳಿಗ್ಗೆ. ಹೋಂಸ್ಟೇಯಲ್ಲಿ ರಾತ್ರಿ 10ಕ್ಕೆ ಶುರು ಮಾಡಿ 12ಕ್ಕೆ ನಾಲ್ಕು ಲಾರ್ಜ್ ಮುಗಿಸಿದ್ದೀರಿ ಅಂದುಕೊಳ್ಳಿ. ಅದೇ 70 ಕೆಜಿಯ ಲೆಕ್ಕದಲ್ಲಿ 100 ಮಿಲಿ ರಕ್ತಕ್ಕೆ ಒಟ್ಟು ಸುಮಾರು 170 ಮಿಲಿಗ್ರಾಂ. ಬೆಳಿಗ್ಗೆ 6ರ ಹೊತ್ತಿಗೆ ಎಂಟು ಗಂಟೆಯಲ್ಲಿ ಕರಗಿದ್ದು 120. ಉಳಿದದ್ದು 50, ಮಿತಿಗಿಂತ ಜಾಸ್ತಿ! ನಿದ್ದೆ ಆಗಿದೆ, ಮುಖ ತೊಳೆದಾಗಿದೆ, ಕಾಫಿ ಆಗಿದೆ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಮುಳ್ಳಯ್ಯನಗಿರಿಯ ಕಿರಿದಾದ ರಸ್ತೆ ಹತ್ತುತ್ತೀರಿ. ಆ ಪುಟ್ಟ ಮೆಷಿನ್ ರಾತ್ರಿಗಿಂತ ಹೆಚ್ಚು ಬೇಕಾಗುವುದು ಈ ಹೊತ್ತಿಗೆ. ಎದ್ದ ಮೇಲೆ ಊದಿ ನೋಡಿ. ಸೊನ್ನೆ ಬರದಿದ್ದರೆ ಕುಡಿಯದವರ ಕೈಗೆ ಕೀ ಕೊಡಿ, ಅಂಥವರು ಯಾರೂ ಇಲ್ಲದಿದ್ದರೆ ಹೋಂಸ್ಟೇಯವರನ್ನೇ ಕೇಳಿ ಜೀಪ್ ಮಾಡಿಸಿಕೊಳ್ಳಿ.