ಸರ್ವಿಸ್ ಓಡುತ್ತಿದೆಯೇ, ಕೆಲಸ ಮಾಡುತ್ತಿದೆಯೇ?

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸಕ್ಕರೆ ಕಾರ್ಖಾನೆಗಳ ತೂಕದ ಕಾಟಾಕ್ಕೆ ಹಗಲು ರಾತ್ರಿ ಬಿಡುವಿರುವುದಿಲ್ಲ. ತೂಕ ದಾಖಲಿಸಿ ರೈತರಿಗೆ ಚೀಟಿ ಕೊಡುವ ತಂತ್ರಾಂಶ ನಡುರಾತ್ರಿ ನಿಂತರೆ, ಸರ್ವರ್ ನೋಡಿಕೊಳ್ಳುವವರು ಎದ್ದು ಬಂದು ರೀಸ್ಟಾರ್ಟ್ ಮಾಡುವವರೆಗೆ ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತಲೇ ಹೋಗುತ್ತದೆ. ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಪ್ರಯತ್ನಕ್ಕೆ ನಾಲ್ಕು ದಶಕಗಳ ಇತಿಹಾಸವಿದೆ. ಅದರಲ್ಲಿ ರೀಸ್ಟಾರ್ಟ್ ಮಾಡುವುದು ಎಂದೂ ದೊಡ್ಡ ಮಾತಾಗಿರಲಿಲ್ಲ. ಯಾವಾಗ ಮಾಡಬೇಕೆಂದು ತಿಳಿಯುವುದೇ ಕಷ್ಟವಾಗಿತ್ತು.

1983ರ ಯುನಿಕ್ಸ್ ಸಿಸ್ಟಮ್ ಫೈವ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ, ಸತ್ತ ಪ್ರೋಸೆಸ್ಸನ್ನು, ಅಂದರೆ ಓಡುತ್ತಿದ್ದು ನಿಂತುಹೋದ ಪ್ರೋಗ್ರಾಮನ್ನು, ಮತ್ತೆ ಹುಟ್ಟಿಸು ಎಂದು ಇನಿಟ್‌ಟ್ಯಾಬ್ ಕಡತದಲ್ಲಿ ಬರೆದಿಡಬಹುದಿತ್ತು. ಆದರೆ ಅದು ಹೆಚ್ಚಾಗಿ ಬಳಕೆಯಾದದ್ದು ಟರ್ಮಿನಲ್ಲಿನ ಲಾಗಿನ್‌ಗೆ ಮಾತ್ರ. ಉಳಿದ ಸರ್ವಿಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುತ್ತಿರಬೇಕಾದ ತಂತ್ರಾಂಶಗಳನ್ನು, ಯಂತ್ರ ಬೂಟ್ ಆಗುವಾಗ ಒಂದು ಸ್ಕ್ರಿಪ್ಟ್ ಎಬ್ಬಿಸಿ ಬಿಟ್ಟುಬಿಡುತ್ತಿತ್ತು, ಮುಂದೆ ಅವುಗಳ ಗತಿಯನ್ನು ಕೇಳುವವರಿರಲಿಲ್ಲ. ಹಾಗಾಗಿ ಪಿಐಡಿ ಕಡತದಲ್ಲಿ (ಸರ್ವಿಸಿನ ಪ್ರೋಸೆಸ್ ಸಂಖ್ಯೆ ಬರೆದಿಟ್ಟ ಕಡತ) ಇರುವ ಸಂಖ್ಯೆಯ ಪ್ರೋಸೆಸ್ ಇದೆಯೇ ಎಂದು, ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಮೂಲಕ ಐದು ನಿಮಿಷಕ್ಕೊಮ್ಮೆ ನೋಡುವ ಪುಟ್ಟ ಸ್ಕ್ರಿಪ್ಟುಗಳನ್ನು ಅಡ್ಮಿನ್‌ಗಳೇ ಬರೆದುಕೊಂಡರು. ಕರೆಂಟು ಹೋಗಿ ಬಂದಾಗ ಈ ಏರ್ಪಾಡು ಸುಲಭವಾಗಿ ಮೋಸಹೋಗುತ್ತದೆ: ಹಳೆಯ ಕಡತ ಹಾಗೆಯೇ ಉಳಿದಿರುತ್ತದೆ, ಅದರಲ್ಲಿನ ಸಂಖ್ಯೆ ಈಗ ಬೇರಾವುದೋ ಪ್ರೋಸೆಸ್ಸಿನದಾಗಿರುತ್ತದೆ, ಸ್ಕ್ರಿಪ್ಟ್ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತದೆ.

1990ರ ದಶಕದ ಕೊನೆಯಲ್ಲಿ ಡಿ. ಜೆ. ಬರ್ನ್‌ಸ್ಟೈನ್ ಬರೆದ ಡೀಮನ್‌ಟೂಲ್ಸ್ ಎಂಬ ಮೇಲ್ವಿಚಾರಣೆಯ ತಂತ್ರಾಂಶ ಈ ಊಹೆಯಾಟವನ್ನೇ ಕೈಬಿಟ್ಟಿತು. ಸರ್ವಿಸನ್ನು ಮೇಲ್ವಿಚಾರಕ ಪ್ರೋಸೆಸ್ಸಿನ ಮಗುವಾಗಿಯೇ ಓಡಿಸಿದರೆ, ಅದು ಸತ್ತ ಸುದ್ದಿಯನ್ನು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ತಾನಾಗಿಯೇ ತಂದೆಗೆ ಮುಟ್ಟಿಸುತ್ತದೆ. 2010ರಲ್ಲಿ ಲೆನಾರ್ಟ್ ಪಾಟರಿಂಗ್ ಮತ್ತು ಕೇ ಸೀವರ್ಸ್ ಮುಂದಿಟ್ಟ ಸಿಸ್ಟಮ್‌ಡಿ ಇಂಥ ಮೇಲ್ವಿಚಾರಣೆಯನ್ನು ಲಿನಕ್ಸ್‌ನ ಮೊದಲ ಪ್ರೋಸೆಸ್ಸಿಗೇ ವಹಿಸಿತು. ಮೂಲ ಹೊಂದಾಣಿಕೆಯಲ್ಲಿ 10 ಸೆಕೆಂಡಿನೊಳಗೆ 5 ಸಲ ಎದ್ದು ಬಿದ್ದ ಸರ್ವಿಸನ್ನು ಅದು ಮತ್ತೆ ಎಬ್ಬಿಸುವುದಿಲ್ಲ. ಇದನ್ನು ಕಿರಿಕಿರಿಯೆಂದು ತೆಗೆದುಹಾಕುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಅತ್ಯಂತ ಬೆಲೆಯುಳ್ಳ ಮಿತಿ.

ಇಷ್ಟಾದರೂ ಸಾಯದೆ ಸ್ತಬ್ಧವಾದ ಸರ್ವಿಸಿನ ಸಮಸ್ಯೆ ಉಳಿಯಿತು. ಡೇಟಾಬೇಸಿನ ಕನೆಕ್ಷನ್‌ಗಳೆಲ್ಲ ಮುಗಿದು ಕಾಟಾದ ಪರದೆ ಸುಮ್ಮನೆ ತಿರುಗುತ್ತಿದ್ದರೂ, ಸರ್ವರಿನಲ್ಲಿ ಸ್ಟೇಟಸ್ ಕೇಳಿದರೆ ಹಸಿರು ಅಕ್ಷರಗಳಲ್ಲಿ ‘ಆಕ್ಟಿವ್, ರನ್ನಿಂಗ್’ ಎಂದೇ ಬರುತ್ತದೆ. ಇದಕ್ಕೆ ಸಿಸ್ಟಮ್‌ಡಿ ಕೊಟ್ಟ ಉತ್ತರ ವಾಚ್‌ಡಾಗ್: ಗೊತ್ತುಪಡಿಸಿದ ಅವಧಿಯೊಳಗೆ ತಂತ್ರಾಂಶವೇ ಸಂದೇಶ ಕಳಿಸುತ್ತಿರಬೇಕು, ತಪ್ಪಿದರೆ ಅದನ್ನು ಕೊಲ್ಲಲಾಗುತ್ತದೆ, ರೀಸ್ಟಾರ್ಟ್ ಹೊಂದಿಸಿದ್ದರೆ ಮತ್ತೆ ಎಬ್ಬಿಸಲಾಗುತ್ತದೆ. ಆದರೆ ಆ ಸಂದೇಶವನ್ನು ತಂತ್ರಾಂಶದೊಳಗೆ ನಿಜವಾದ ಕೆಲಸ ಮಾಡುವ ಎಳೆಯ (ಥ್ರೆಡ್) ಬದಲು ಬೇರೊಂದು ಟೈಮರ್ ಕಳಿಸುತ್ತಿದ್ದರೆ ವಾಚ್‌ಡಾಗ್ ಇದ್ದೂ ಇಲ್ಲದಂತೆ.

2015ರಲ್ಲಿ 1.0 ಆವೃತ್ತಿ ಕಂಡ ಕುಬರ್ನೆಟೀಸ್‌ನಲ್ಲಿ, ಅಂದರೆ ಕಂಟೇನರುಗಳನ್ನು (ಬೇರ್ಪಡಿಸಿ ಓಡಿಸುವ ತಂತ್ರಾಂಶದ ಪೊಟ್ಟಣಗಳನ್ನು) ನೋಡಿಕೊಳ್ಳುವ ವ್ಯವಸ್ಥೆಯಲ್ಲಿ, ಪ್ರಶ್ನೆಯೇ ಎರಡಾಯಿತು: ಜೀವಂತವಿದೆಯೇ (ಲೈವ್‌ನೆಸ್), ಕೆಲಸಕ್ಕೆ ಸಿದ್ಧವಿದೆಯೇ (ರೆಡಿನೆಸ್)? ಲೈವ್‌ನೆಸ್ ತಪಾಸಣೆ ಸೋತರೆ ಕಂಟೇನರ್ ರೀಸ್ಟಾರ್ಟ್ ಆಗುತ್ತದೆ. ರೆಡಿನೆಸ್ ಸೋತರೆ ಅದರ ಕಡೆಗೆ ಕೋರಿಕೆಗಳು ಹೋಗುವುದು ನಿಲ್ಲುತ್ತದೆ, ಅಷ್ಟೇ. ಈ ವ್ಯತ್ಯಾಸವನ್ನು ಮರೆತು ಡೇಟಾಬೇಸ್ ತಪಾಸಣೆಯನ್ನು ಲೈವ್‌ನೆಸ್‌ಗೆ ಸೇರಿಸಿದರೆ, ಡೇಟಾಬೇಸ್ ಕೆಲಕ್ಷಣ ನಿಧಾನವಾದಾಗ ಆರೋಗ್ಯವಾಗಿದ್ದ ಕಂಟೇನರುಗಳೆಲ್ಲ ಒಟ್ಟಿಗೆ ರೀಸ್ಟಾರ್ಟ್ ಆಗಿ, ಏಳುತ್ತಲೇ ಹೊಸ ಕನೆಕ್ಷನ್‌ಗಳಿಗಾಗಿ ಅದೇ ಡೇಟಾಬೇಸಿನ ಮೇಲೆ ಮುಗಿಬೀಳುತ್ತವೆ.